ಕಿಟಕಿಯಲ್ಲೊಂದು ಬಾವುಟ

ಮೊದಲ ದಿನ: ಗ್ರೇವ್‌ಸೆಂಡ್

2025ರ ಸೆಪ್ಟೆಂಬರ್ ಕೊನೆಯ ವಾರ ನಾನೂ ನನ್ನ ಹೆಂಡತಿಯೂ ಧಾರವಾಡದಿಂದ ಹೊರಟು, ಇಂಗ್ಲೆಂಡಿನ ಗ್ರೇವ್‌ಸೆಂಡ್‌ನಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಆರು ದಿನ ಇದ್ದು ಬಂದೆವು. ಊರು ಲಂಡನ್ನಿನ ಪೂರ್ವಕ್ಕೆ, ಕೆಂಟ್ ಪ್ರಾಂತದಲ್ಲಿ, ಥೇಮ್ಸ್ ನದಿ ಸಮುದ್ರದ ಕಡೆಗೆ ಅಗಲವಾಗುತ್ತ ಹೋಗುವ ಜಾಗದಲ್ಲಿದೆ. ಪ್ರಯಾಣದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹಾಲಿನ ಪದಾರ್ಥಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲವೆಂದು ಅಳಿಯ ಮೊದಲೇ ಎಚ್ಚರಿಸಿದ್ದರಿಂದ ಪೇಡೆಯ ಡಬ್ಬಿಗಳು ಮನೆಯಲ್ಲೇ ಉಳಿದು, ಅವುಗಳ ಜಾಗದಲ್ಲಿ ಶೇಂಗಾ ಉಂಡಿಗಳು ಬಂದವು.

ಸ್ಟೇಷನ್ನಿನಿಂದ ಮನೆಗೆ ಹೋಗುವಾಗ ಮಳೆ ಜಿನುಗುತ್ತಿತ್ತು. ರಸ್ತೆಯ ಎರಡೂ ಬದಿಯ ದೀಪದ ಕಂಬಗಳಿಗೆ, ಏಣಿ ಇಲ್ಲದೆ ಕೈಗೆಟುಕದ ಎತ್ತರದಲ್ಲಿ, ಪ್ಲಾಸ್ಟಿಕ್ ಪಟ್ಟಿಗಳಿಂದ ಬಾವುಟಗಳನ್ನು ಬಿಗಿದಿದ್ದರು. ಬಿಳಿಯ ಮೇಲೆ ಕೆಂಪು ಶಿಲುಬೆ ಇರುವುದು ಸೇಂಟ್ ಜಾರ್ಜ್‌ನ ಬಾವುಟ, ಅದು ಇಂಗ್ಲೆಂಡಿನದು. ನೀಲಿಯ ಮೇಲೆ ಕೆಂಪು ಬಿಳಿ ಪಟ್ಟೆಗಳು ಅಡ್ಡಡ್ಡ ಹಾಯ್ದಿರುವುದು ಇಡೀ ಬ್ರಿಟನ್ನಿನ ಯೂನಿಯನ್ ಜ್ಯಾಕ್. ಗಾಳಿಗೆ ಕೆಲವು ಕಂಬಕ್ಕೆ ಸುತ್ತಿಕೊಂಡು ಹಗ್ಗದಂತಾಗಿದ್ದವು, ಕೆಲವಕ್ಕೆ ಅಂಚಿನ ಹೊಲಿಗೆ ಬಿಟ್ಟುಹೋಗಿತ್ತು. ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರಿ ಮಾಡುತ್ತಿದ್ದಾಗ ಬೆಂಗೇರಿಯ ಖಾದಿ ಸಂಘಕ್ಕೆ ಆಗಾಗ ಹೋಗಿಬರುತ್ತಿದ್ದವನು. ಅಲ್ಲಿ ರಾಷ್ಟ್ರಧ್ವಜದ ಬಟ್ಟೆಯ ಎಳೆಗಳನ್ನು ಎಣಿಸುವುದನ್ನೂ, ಚಕ್ರದ ಅಚ್ಚು ಕೂದಲೆಳೆಯಷ್ಟು ಸರಿದರೂ ಆ ಬಾವುಟವನ್ನು ಬದಿಗಿಡುವುದನ್ನೂ ನೋಡಿದ ಕಣ್ಣಿಗೆ, ಈ ತೆಳ್ಳನೆಯ ಪಾಲಿಯೆಸ್ಟರ್ ಮಳೆಯಲ್ಲಿ ಜೋತುಬಿದ್ದಿದ್ದು ಮೊದಲು ಒಂದು ಕಳಪೆ ಹೊಲಿಗೆಯಾಗಿ ಕಂಡಿತೇ ಹೊರತು ರಾಜಕೀಯವಾಗಿ ಅಲ್ಲ.

ರಾಜಕೀಯವನ್ನು ಅಳಿಯ ವಿವರಿಸಿದ. ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ವೀಲಿ ಕಾಸಲ್ ಎಂಬ ಬಡಾವಣೆಯ ಕೆಲವರು ಕಂಬಗಳಿಗೆ ಬಾವುಟ ಕಟ್ಟಲು ಶುರುಮಾಡಿದ್ದು, ಆಗಸ್ಟ್ ಹೊತ್ತಿಗೆ ದೇಶವೆಲ್ಲ ಹಬ್ಬಿತ್ತು. ‘ಆಪರೇಷನ್ ರೈಸ್ ದ ಕಲರ್ಸ್’ ಎಂದು ಅದಕ್ಕೆ ಹೆಸರು. ಅದೇ ಹೊತ್ತಿನಲ್ಲಿ ಆಶ್ರಯ ಕೋರಿ ಬಂದವರನ್ನು ಇರಿಸಿದ್ದ ಹೋಟೆಲುಗಳ ಮುಂದೆ, ಮುಖ್ಯವಾಗಿ ಎಪ್ಪಿಂಗ್ ಎಂಬ ಊರಿನಲ್ಲಿ, ಪ್ರತಿಭಟನೆಗಳು ನಡೆದಿದ್ದವು, ಅಲ್ಲಿಯೂ ಇವೇ ಬಾವುಟಗಳಿದ್ದವು. ಕೆಲವು ಸ್ಥಳೀಯ ಆಡಳಿತಗಳು ಕಂಬದಿಂದ ಇಳಿಸಿದವು, ಇಳಿಸಿದ್ದಕ್ಕೆ ಬೈಗುಳ ತಿಂದವು. ಪ್ರಧಾನಿ ಕೀರ್ ಸ್ಟಾರ್ಮರ್ ತಮ್ಮ ವಾಸದ ಮನೆಯಲ್ಲಿಯೂ ಸೇಂಟ್ ಜಾರ್ಜ್ ಬಾವುಟವಿದೆ ಎಂದು ಹೇಳಿಕೊಳ್ಳಬೇಕಾಯಿತು. ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ತೀವ್ರ ಬಲಪಂಥದ ಟಾಮಿ ರಾಬಿನ್‌ಸನ್ ಕರೆದ ಮೆರವಣಿಗೆಗೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. ಅಂದು ಅಳಿಯ ಮನೆಯವರನ್ನು ಕರೆದುಕೊಂಡು ಎಲ್ಲಿಗೂ ಹೋಗಿರಲಿಲ್ಲ.

ಮನೆ ತಲುಪಿದಾಗ ನಮಗೆ ಅಚ್ಚರಿ ಕಾದಿತ್ತು. ಮುಂದಿನ ಕೋಣೆಯ ಕಿಟಕಿಗೆ, ಒಳಗಿನಿಂದ, ಕೆಂಪು ಶಿಲುಬೆಯ ಬಾವುಟವೊಂದನ್ನು ಟೇಪು ಹಚ್ಚಿ ಅಂಟಿಸಿತ್ತು. ಜುಲೈ 27ರಂದು ಇಂಗ್ಲೆಂಡಿನ ಹೆಂಗಸರ ಫುಟ್‌ಬಾಲ್ ತಂಡ ಸ್ಪೇನನ್ನು ಸೋಲಿಸಿ ಯೂರೋ ಕಪ್ ಗೆದ್ದಾಗ ಅಳಿಯನ ಒಂಬತ್ತು ವರ್ಷದ ಮಗಳು ಅಂಟಿಸಿದ್ದು. ಜುಲೈನಲ್ಲಿ ಅದು ಫುಟ್‌ಬಾಲಾಗಿತ್ತು. ಆಗಸ್ಟ್ ಕಳೆಯುವಷ್ಟರಲ್ಲಿ ಬಟ್ಟೆ ಅದೇ ಇದ್ದು ಅರ್ಥ ಬೇರೆಯಾಗಿತ್ತು.

“ಮಾಮಾ, ತಗದ್ರ ಬಾಜೂಮಂದಿ ಏನ್ ತಿಳ್ಕೋತಾರೋ, ಬಿಟ್ರ ನಮ್ಮ ಮಂದಿ ಏನ್ ತಿಳ್ಕೋತಾರೋ. ಎರಡೂ ತಿಳೀವಲ್ದು,” ಎಂದ ಅಳಿಯ. ಮಗಳನ್ನು ಕೇಳಿದರೆ ತೆಗೆಯುವ ಮಾತೇ ಇಲ್ಲ. ಹೀಗಾಗಿ ಎರಡು ತಿಂಗಳಿನಿಂದ ಅದು ಅಲ್ಲೇ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿತ್ತು.

ಎರಡನೆಯ ದಿನ: ಸ್ಟ್ರೂಡ್ ಮತ್ತು ರೋಚೆಸ್ಟರ್

ಗ್ರೇವ್‌ಸೆಂಡ್‌ನಿಂದ ಸ್ಟ್ರೂಡ್‌ಗೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ನಡುವೆ ಒಂದು ಸುರಂಗವಿದೆ. ಇನ್ನೂರು ವರ್ಷಗಳ ಹಿಂದೆ ದೋಣಿಗಳಿಗಾಗಿ ಕಾಲುವೆ ಕೊರೆದು, ಆಮೇಲೆ ನೀರಿನ ಜಾಗದಲ್ಲಿ ಹಳಿ ಹಾಕಿದ್ದಾರೆ. ಬೆಳಕಿಗೆ ಬಂದರೆ ಎದುರಿಗೆ ಮೆಡ್‌ವೇ ನದಿ, ಆಚೆ ದಡದಲ್ಲಿ ರೋಚೆಸ್ಟರ್ ಕೋಟೆ, ಈಚೆ ದಡದಲ್ಲಿ ಸ್ಟ್ರೂಡ್. ಪ್ರವಾಸಿಗಳು ಆಚೆ ಇಳಿಯುತ್ತಾರೆ. ನಾನು ಹಟ ಮಾಡಿ ಈಚೆ ಇಳಿದೆ, ಏಕೆಂದರೆ ಹನ್ನೊಂದು ವರ್ಷಗಳ ಹಿಂದೆ ಈ ಊರಿನ ಒಂದು ಮನೆಯ ಚಿತ್ರ ಇಂಗ್ಲೆಂಡಿನ ರಾಜಕೀಯವನ್ನು ಅಲ್ಲಾಡಿಸಿದ್ದನ್ನು ಓದಿದ್ದೆ.

2014ರಲ್ಲಿ ರೋಚೆಸ್ಟರ್ ಮತ್ತು ಸ್ಟ್ರೂಡ್ ಕ್ಷೇತ್ರದ ಸಂಸದ ಮಾರ್ಕ್ ರೆಕ್ಲೆಸ್ ಕನ್ಸರ್ವೇಟಿವ್ ಪಕ್ಷ ಬಿಟ್ಟು, ಯೂರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂದು ಹೋರಾಡುತ್ತಿದ್ದ ಯುಕಿಪ್ ಸೇರಿ, ರಾಜೀನಾಮೆ ಕೊಟ್ಟು ಮತ್ತೆ ಸ್ಪರ್ಧಿಸಿದರು. ನಮಗೇನೂ ಇದು ಹೊಸ ಕಥೆಯಲ್ಲ. ನವೆಂಬರ್ 20ರಂದು ಮತದಾನ. ಪ್ರಚಾರಕ್ಕೆ ಬಂದಿದ್ದ ಲೇಬರ್ ಪಕ್ಷದ ಎಮಿಲಿ ಥಾರ್ನ್‌ಬೆರಿ ಅಂದು ಟ್ವಿಟರಿನಲ್ಲಿ ಒಂದು ಚಿತ್ರ ಹಾಕಿದರು: ಸಾಧಾರಣವಾದ ಮನೆ, ಮುಂಗಡೆ ಮೂರು ಸೇಂಟ್ ಜಾರ್ಜ್ ಬಾವುಟಗಳು, ಬಾಗಿಲಲ್ಲಿ ಕಟ್ಟಡ ಕೆಲಸಗಾರರು ಇಟ್ಟುಕೊಳ್ಳುವಂಥ ಬಿಳಿಯ ವ್ಯಾನು. ಜೊತೆಗೆ, ಇದು ರೋಚೆಸ್ಟರಿನ ಚಿತ್ರ ಎಂಬಷ್ಟೇ ಅರ್ಥದ ಮೂರು ಪದ. ಬೈಗುಳವಿಲ್ಲ, ಟೀಕೆಯಿಲ್ಲ. ಆದರೂ ರಾತ್ರಿಯೊಳಗೆ ಅವರು ವಿರೋಧ ಪಕ್ಷದ ಛಾಯಾ ಮಂತ್ರಿಮಂಡಲದ ಅಟಾರ್ನಿ ಜನರಲ್ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು. ಲಂಡನ್ನಿನ ಇಸ್ಲಿಂಗ್ಟನ್‌ನಂಥ ದುಬಾರಿ ಬಡಾವಣೆಯ ಸಂಸದೆ, ವಕೀಲೆ, ಕೂಲಿಕಾರರ ಪಕ್ಷದ ನಾಯಕಿ, ಒಬ್ಬ ಕೆಲಸಗಾರನ ಮನೆಯನ್ನು ಪ್ರಾಣಿಸಂಗ್ರಹಾಲಯದ ಪ್ರಾಣಿಯಂತೆ ತೋರಿಸಿದರು ಎಂಬುದು ಆರೋಪ. ಆ ಮೂರು ಪದಗಳಲ್ಲಿ ಇಲ್ಲದ ಮಾತನ್ನು ಇಡೀ ದೇಶ ಓದಿಕೊಂಡಿತ್ತು. ರೆಕ್ಲೆಸ್ 16,867 ಮತ ಪಡೆದು 2,920 ಮತಗಳ ಅಂತರದಿಂದ ಗೆದ್ದರು, ಲೇಬರ್ ಮೂರನೆಯ ಸ್ಥಾನಕ್ಕೆ ಇಳಿಯಿತು.

ಆ ಮನೆಯನ್ನು ಹುಡುಕಿಕೊಂಡು ಹೋಗುವ ಉದ್ದೇಶ ನನಗಿರಲಿಲ್ಲ. ಅದರಲ್ಲಿದ್ದವನಿಗೆ ಆದ ಪ್ರಚಾರ ಒಂದು ಜನ್ಮಕ್ಕೆ ಸಾಕು. ಸುಮ್ಮನೆ ಬೀದಿಗಳನ್ನು ಸುತ್ತಿದೆವು. ನದಿಯಿಂದ ಗುಡ್ಡಕ್ಕೆ ಹತ್ತುವ ದಾರಿಗಳು, ಗೋಡೆಗೆ ಗೋಡೆ ಹಚ್ಚಿಕೊಂಡ ಇಟ್ಟಿಗೆ ಮನೆಗಳ ಸಾಲು, ಬಾಗಿಲಿಂದ ಫುಟ್‌ಪಾತಿಗೆ ಎರಡೇ ಹೆಜ್ಜೆ. ಹತ್ತು ಮನೆಗಳಲ್ಲಿ ಒಂದರಲ್ಲಿ ಬಾವುಟವಿತ್ತು. ಒಂದು ಮನೆಯಲ್ಲಿ ಮಹಡಿಯ ಕಿಟಕಿಯಿಂದ ಇಳಿಬಿಟ್ಟ ದೊಡ್ಡ ಬಾವುಟ ಕೆಳಗಿನ ಬಾಗಿಲನ್ನು ಅರ್ಧ ಮುಚ್ಚಿತ್ತು, ಪಕ್ಕದಲ್ಲಿ ಬಿಳಿಯ ವ್ಯಾನು. ಇಷ್ಟು ಚೆನ್ನಾಗಿ ಹೊಂದಿಕೊಂಡು ಬಂದಿದ್ದನ್ನು ಬಿಡಲಾರದೆ ಫೋನು ತೆಗೆದು ಚಿತ್ರ ಹೊಡೆದೆ.

ಬಾವುಟದ ಹಿಂದಿನಿಂದ ಬಾಗಿಲು ತೆರೆಯಿತು. ಸುಣ್ಣದ ಕಲೆಗಳಿದ್ದ ಪ್ಯಾಂಟು ಹಾಕಿದ್ದ, ನಲವತ್ತೈದರ ಆಸುಪಾಸಿನ ಮನುಷ್ಯ ಹೊರಗೆ ಬಂದು, ಏನಾದರೂ ಬೇಕಿತ್ತೇ ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸ್ನೇಹವೂ ಇರಲಿಲ್ಲ. ನಾನು ಯಾವ ತಪ್ಪಿನ ಕಥೆ ಕೇಳಿ ಊರು ನೋಡಲು ಬಂದಿದ್ದೆನೋ ಅದೇ ತಪ್ಪನ್ನು ಅದೇ ಊರಲ್ಲಿ ಮಾಡಿ ನಿಂತಿದ್ದೆ. ನನ್ನ ಹೆಂಡತಿ ಮುಂದಿನ ಮನೆಯ ಹೂಗಿಡಗಳಲ್ಲಿ ಇದ್ದಕ್ಕಿದ್ದಂತೆ ತುಂಬ ಆಸಕ್ತಿ ತೋರತೊಡಗಿದಳು. ಕ್ಷಮೆ ಕೇಳಿ, ಅವನ ಕಣ್ಣೆದುರಿಗೇ ಚಿತ್ರವನ್ನು ಅಳಿಸಿದೆ. ಎಲ್ಲಿಂದ ಬಂದಿರಿ, ಏಕೆ ಈ ಚಿತ್ರ ಎಂದು ವಿಚಾರಿಸಿದಾಗ ನಿಜವನ್ನೇ ಹೇಳಿದೆ. ಅವನು ನಕ್ಕು ವ್ಯಾನಿಗೆ ಒರಗಿ ನಿಂತ.

ಗೋಡೆಗಳಿಗೆ ಗಿಲಾವು ಮಾಡುವುದು ಅವನ ಕಸುಬು. ಬೆಳಗಿನ ಐದಕ್ಕೆ ಎದ್ದು ಲಂಡನ್ನಿಗೆ ಹೋಗುತ್ತಾನೆ, ಹೆಚ್ಚಿನ ಕೆಲಸ ಉತ್ತರ ಲಂಡನ್ನಿನ ದೊಡ್ಡ ಮನೆಗಳಲ್ಲಿ. “ಅವರು ತುಂಬ ಮರ್ಯಾದಸ್ಥರು. ಚಹಾ ಕೊಡುತ್ತಾರೆ, ಕಪ್ಪು ಮಾತ್ರ ಬೇರೆ,” ಎಂದು ಅವನು ಹೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೇರೆ ಲೋಟದ ಅರ್ಥವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮೈಲಿಗೆಯಿಲ್ಲ ನಿಜ. ಸುಣ್ಣದ ಕೈಗೆ ಚೆಂದದ ಪಿಂಗಾಣಿ ಬೇಡವೆಂಬ ಲೆಕ್ಕ ಅಷ್ಟೆ. ಬಾವುಟ ಏಕೆ ಎಂದು ಕೇಳಿದೆ. ಮೊದಲು ಫುಟ್‌ಬಾಲಿಗೆ ಹಾಕುತ್ತಿದ್ದನಂತೆ. ಈ ವರ್ಷ ಇಳಿಸಲಿಲ್ಲ, ಏಕೆಂದರೆ ಇಳಿಸಿ ಎನ್ನುವವರ ಧ್ವನಿ ಟಿವಿಯಲ್ಲಿ ಕೇಳಿದನಂತೆ, ಅದು ಅವನ ಗಿರಾಕಿಗಳ ಧ್ವನಿಯಂತಿತ್ತು. ಕಂಬಕ್ಕೆ ಕಟ್ಟುವವರಲ್ಲಿ ಕೆಲವರು ಕೆಟ್ಟವರಿದ್ದಾರೆ ಎಂಬುದನ್ನೂ ತಾನಾಗಿಯೇ ಒಪ್ಪಿಕೊಂಡ. “ಆದರೆ ನಿಮಗೆ ಹೆದರಿಕೆ ಆಯಿತೇ, ನನ್ನ ಮನೆ ನೋಡಿ?” ಎಂದು ಅವನು ಕೇಳಿದ್ದಕ್ಕೆ ನಾನು ತಟ್ಟನೆ ಇಲ್ಲ ಎಂದೆ. ಬಾಗಿಲು ತೆರೆಯುವ ಸದ್ದಿಗೆ ಎದೆ ಧಸಕ್ಕೆಂದಿದ್ದನ್ನು ಹೇಳಲಿಲ್ಲ.

ಸೇತುವೆ ದಾಟುವಾಗ ಗಾಳಿ ಕೊಡೆಯನ್ನು ತಿರುವಿಹಾಕಿತು. ಬೆಂಗಳೂರಿನಲ್ಲಿ ನವೆಂಬರ್ ತಿಂಗಳಿಡೀ ಆಟೋಗಳ ಮೇಲೆ, ಬೀದಿ ತುದಿಯ ಕಂಬಗಳಲ್ಲಿ, ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪಿನ ಕನ್ನಡ ಬಾವುಟ ಹಾರುವಾಗ ಅಪಾರ್ಟ್‌ಮೆಂಟಿನ ಕೆಲವರು ಮೂಗು ಮುರಿಯುವುದು ನೆನಪಾಯಿತು. ಅವರು ಮೂಗು ಮುರಿಯುವುದು ಬಾವುಟಕ್ಕೋ ಆಟೋಕ್ಕೋ ಎಂಬುದು ನನಗೆ ಎಂದೂ ಬಗೆಹರಿದಿಲ್ಲ.

ರೋಚೆಸ್ಟರಿನಲ್ಲಿ ಈರುಳ್ಳಿ ಚೀಸ್ ತುಂಬಿದ ಬಿಸಿ ಪೇಸ್ಟಿ ತಿಂದೆವು. ಸಸ್ಯಾಹಾರಿಗಳು ಕೆಂಟ್‌ನಲ್ಲಿ ಅದನ್ನು ನಂಬಬಹುದು. ಕ್ಯಾಥೆಡ್ರಲ್‌ಗೆ ಪ್ರವೇಶ ಉಚಿತ, ಕೋಟೆಗೆ ಟಿಕೀಟು. ಸುಮಾರು 113 ಅಡಿ ಎತ್ತರದ ಕೋಟೆಯ ಬುರುಜಿಗೆ ಮೂರು ಮೂಲೆ ಚೌಕ, ಒಂದು ಮಾತ್ರ ದುಂಡಗೆ. 1215ರಲ್ಲಿ ರಾಜ ಜಾನ್ ತನ್ನ ವಿರುದ್ಧ ಎದ್ದ ಸರದಾರರನ್ನು ಇದರೊಳಗೆ ಮುತ್ತಿದಾಗ, ಕೊಬ್ಬಿದ ನಲವತ್ತು ಹಂದಿಗಳನ್ನು ತರಿಸಿ ಆ ಕೊಬ್ಬಿನಿಂದ ಬುನಾದಿಯ ಕೆಳಗೆ ಬೆಂಕಿಯೆಬ್ಬಿಸಿ ಮೂಲೆಯನ್ನು ಉರುಳಿಸಿದ. ಆಮೇಲೆ ಕಟ್ಟಿದವರು ಅದನ್ನು ದುಂಡಗೆ ಕಟ್ಟಿದರು.

ಮೂರನೆಯ ದಿನ: ಪಕ್ಕದ ಮನೆಯ ‘ಟೀ’

ಮಳೆ ಬಿಡಲಿಲ್ಲ. ಬೆಳಿಗ್ಗೆ ನದಿಯ ದಂಡೆಗೆ ಹೋಗಿ, 1948ರ ಜೂನ್‌ನಲ್ಲಿ ವಿಂಡ್‌ರಶ್ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ತಂದಿಳಿಸಿದ ಟಿಲ್ಬರಿ ಬಂದರನ್ನು ಈಚೆಯಿಂದಲೇ ನೋಡಿದೆವು. ಆಚೆ ದಾಟಿಸುವ ದೋಣಿ 2024ರ ಮಾರ್ಚ್‌ನಿಂದ ನಿಂತುಹೋಗಿದೆ, ಹಳೆಯ ಪ್ರವಾಸ ಪುಸ್ತಕ ನಂಬಿ ಹೋದವರು ನಮ್ಮಂತೆ ಕಟ್ಟೆಯ ಮೇಲೆ ಕುಳಿತು ಬರಬೇಕು.

ಸಂಜೆ ಐದಕ್ಕೆ ಪಕ್ಕದ ಮನೆಯ ಅಜ್ಜ ಅಜ್ಜಿ ನಮ್ಮನ್ನು ‘ಟೀ’ಗೆ ಕರೆದಿದ್ದರು. ಚಹಾ ತಾನೇ ಎಂದು ನಾವು ನಾಲ್ಕೂವರೆಗೆ ರೊಟ್ಟಿ, ಎಣ್ಣೆಗಾಯಿ ಹೊಡೆದು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಹೋದೆವು. (ಶೇಂಗಾ ಕೊಡುವ ಮೊದಲು ಅಲರ್ಜಿ ಇದೆಯೇ ಎಂದು ಕೇಳುವುದು ಆ ದೇಶದಲ್ಲಿ ಮರ್ಯಾದೆ; ಸೊಸೆ ಹೇಳಿಕೊಟ್ಟಿದ್ದಳು.) ಮೇಜಿನ ಮೇಲೆ ಬೇಯಿಸಿದ ಬೀನ್ಸು, ಗುಡ್ಡೆ ಹಾಕಿದ ಚಿಪ್ಸು, ಆಲೂಗಡ್ಡೆಯ ಪೈ, ಬ್ರೆಡ್ಡು, ಬೆಣ್ಣೆ. ನನ್ನ ಹೆಂಡತಿ ಮೆಲ್ಲಗೆ, “ರೀ, ಚಾ ಅಂದ್ರ ಇಲ್ಲೆ ಊಟ ಏನ್ರೀ?” ಎಂದಳು. ಹೌದು, ಊಟವೇ. ಇಂಗ್ಲೆಂಡಿನಲ್ಲಿ ದುಡಿಯುವ ವರ್ಗದ ಅನೇಕ ಮನೆಗಳಲ್ಲಿ ಮಧ್ಯಾಹ್ನದ್ದು ಡಿನ್ನರ್, ಸಂಜೆಯದು ಟೀ. ಮೇಲಿನವರಲ್ಲಿ ಮಧ್ಯಾಹ್ನದ್ದು ಲಂಚ್, ರಾತ್ರಿಯದು ಡಿನ್ನರ್ ಅಥವಾ ಸಪ್ಪರ್. 1954ರಲ್ಲಿ ಅಲನ್ ರಾಸ್ ಎಂಬ ಭಾಷಾಶಾಸ್ತ್ರಜ್ಞ ಇಂಥ ಪದಗಳ ಪಟ್ಟಿಯನ್ನೇ ಮಾಡಿ, ಕೈ ಒರೆಸುವ ಬಟ್ಟೆಗೆ ‘ನ್ಯಾಪ್‌ಕಿನ್’ ಎನ್ನುವವರು ಮೇಲ್ವರ್ಗದವರು, ‘ಸರ್ವಿಯೆಟ್’ ಎನ್ನುವವರು ಅಲ್ಲ ಎಂದು ಗುರುತಿಸಿದ್ದರು. ಬಾಯಿ ಬಿಟ್ಟರೆ ಕುಲ ತಿಳಿಯುವ ಈ ವ್ಯವಸ್ಥೆ ನನಗೆ ಬೇಗ ಅರ್ಥವಾಯಿತು. ನೌಕರಿಗೆ ಸೇರಿದ ಹೊಸತರಲ್ಲಿ ಬೆಂಗಳೂರಿನ ತರಬೇತಿಯಲ್ಲಿ “ಊಟಾ ಮಾಡೂಣ್ರಿ” ಎಂದಾಗ ಇಡೀ ಕೋಣೆ ನಕ್ಕಿತ್ತು. ಮುಂದಿನ ಎರಡು ವಾರ ನಾನು ಪುಸ್ತಕದ ಕನ್ನಡವನ್ನೇ ಆಡಿದೆ.

ಅಜ್ಜ ನಾರ್ತ್‌ಫ್ಲೀಟ್‌ನ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು. ಅದು 2008ರಲ್ಲಿ ಮುಚ್ಚಿತು. ಹಿತ್ತಲಲ್ಲಿ ಒಂದು ಧ್ವಜಸ್ತಂಭ ನೆಟ್ಟಿದ್ದಾರೆ, ಅದರಲ್ಲಿ ಕೆಂಪು ಶಿಲುಬೆ. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಅವರಿಗೆ ಹನ್ನೆರಡು ವರ್ಷ. ಅಂದು ಜನ ಬೀಸಿದ್ದು ಯೂನಿಯನ್ ಜ್ಯಾಕ್, ಸೇಂಟ್ ಜಾರ್ಜ್‌ನ ಬಾವುಟವನ್ನು ಚರ್ಚಿನ ಮೇಲೆ ಬಿಟ್ಟು ಬೇರೆಲ್ಲೂ ಕಂಡ ನೆನಪಿಲ್ಲ, ಅದು ಮನೆಮನೆಗೆ ಬಂದದ್ದು 1996ರ ಯೂರೋ ಕಪ್ ಹೊತ್ತಿಗೆ ಎಂದರು. ಮನೆಯ ಮೇಲೆ ಬಾವುಟ ಹಾರಿಸಲು ಪರವಾನಗಿ ಬೇಕೇ ಎಂದು ಕೇಳಿದೆ. ನಮ್ಮಲ್ಲಿ 2002ರವರೆಗೆ ಸಾಮಾನ್ಯರು ಕೆಲವೇ ದಿನಗಳಲ್ಲಿ ಮಾತ್ರ ರಾಷ್ಟ್ರಧ್ವಜ ಹಾರಿಸಬಹುದಿತ್ತು ಎಂದಾಗ ಅವರು ನಂಬಲಿಲ್ಲ. ಅಲ್ಲಿ ರಾಷ್ಟ್ರಧ್ವಜಕ್ಕೆ ಅನುಮತಿ ಬೇಡ. ಆದರೆ ಬೇಡ ಎಂದು ಹೇಳುವ ನಿಯಮ ಇರುವುದು 2007ರ ಜಾಹೀರಾತು ನಿಯಂತ್ರಣ ಕಾನೂನಿನಲ್ಲಿ. ಬಾವುಟವೂ ಒಂದು ಜಾಹೀರಾತು ಎಂದು ಬಗೆದ ಆ ಗುಮಾಸ್ತನಿಗೆ ನನ್ನ ನಮಸ್ಕಾರ.

ಕಂಬಕ್ಕೆ ಕಟ್ಟುವುದು ಅಜ್ಜನಿಗೆ ಸೇರದು. ಕಂಬ ಊರಿನದು, ಅದರ ಮೇಲೆ ನನ್ನದನ್ನು ಹೇಗೆ ಕಟ್ಟಲಿ ಎಂಬುದು ಅವರ ವಾದ. ಆಮೇಲೆ ಅಜ್ಜಿ ತಟ್ಟೆ ತೆಗೆಯುತ್ತ ಒಂದು ಮಾತು ಹೇಳಿದರು. ಅವರ ಮಗಳು ಮನೆತನದಲ್ಲೇ ಮೊದಲು ವಿಶ್ವವಿದ್ಯಾಲಯಕ್ಕೆ ಹೋದವಳು, ಲಂಡನ್ನಿನಲ್ಲಿ ದೊಡ್ಡ ಕೆಲಸ. ಗೆಳತಿಯರನ್ನು ಕರೆದುಕೊಂಡು ಬರುವ ದಿನ, ಅಪ್ಪಾ ಅದನ್ನು ಇಳಿಸುತ್ತೀಯಾ ಎಂದು ಫೋನು ಮಾಡುತ್ತಾಳೆ.

“ಇಳಿಸುತ್ತೀರಾ?” ಎಂದು ಕೇಳಿದೆ.

“ಇಳಿಸುತ್ತೇನೆ. ಒಗೆಯುವುದಿತ್ತು ಎನ್ನುತ್ತೇನೆ,” ಎಂದರು ಅಜ್ಜ, ಶೇಂಗಾ ಉಂಡಿಯನ್ನು ಚಾಕುವಿನಿಂದ ಕತ್ತರಿಸಲು ಹೆಣಗುತ್ತ.

ನಾಲ್ಕನೆಯ ದಿನ: ಇಸ್ಲಿಂಗ್ಟನ್

ಗ್ರೇವ್‌ಸೆಂಡ್‌ನಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ಗೆ ವೇಗದ ರೈಲು ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಸಾಧಾರಣ ಟಿಕೀಟು ಅದರಲ್ಲಿ ನಡೆಯುವುದಿಲ್ಲ, ಮೇಲೆ ಇಷ್ಟು ಕೊಡಬೇಕು ಎಂಬುದು ನನಗೆ ತಿಳಿದದ್ದು ಟಿಕೀಟು ನೋಡುವವನು ಬಂದ ಮೇಲೆ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಕಳೆದವನು ಸಣ್ಣ ಅಕ್ಷರ ಓದಲಿಲ್ಲವೇ ಎಂದು ಹೆಂಡತಿ ಕೇಳಿದಳು, ನ್ಯಾಯವಾಗಿಯೇ.

ಏಂಜೆಲ್ ಸ್ಟೇಷನ್ನಿನಿಂದ ಅಪ್ಪರ್ ಸ್ಟ್ರೀಟ್ ಹಿಡಿದು ಕ್ಯಾನನ್‌ಬರಿ ಚೌಕದವರೆಗೆ ನಡೆದೆವು. ಮಳೆ ನಿಂತು ತೊಳೆದಿಟ್ಟಂಥ ಬಿಸಿಲು. ಇಲ್ಲಿಯ ಮನೆಗಳೂ ಗೋಡೆಗೆ ಗೋಡೆ ಹಚ್ಚಿಕೊಂಡವೇ, ಆದರೆ ಎತ್ತರ ನಾಲ್ಕು ಅಂತಸ್ತು, ಬಾಗಿಲುಗಳಿಗೆ ಗಂಭೀರವಾದ ಬೂದು, ಕಡುನೀಲಿ ಬಣ್ಣ, ಬೆಲೆ ಹತ್ತಾರು ಲಕ್ಷ ಪೌಂಡು. ಇಲ್ಲಿ ಬಾವುಟಗಳೇ ಇಲ್ಲವೆಂದು ನಾನು ತೀರ್ಮಾನಿಸುತ್ತಿದ್ದಾಗ ನನ್ನ ಹೆಂಡತಿ ಬೆರಳು ಮಾಡಿ ಎಣಿಸತೊಡಗಿದಳು: ಯುಕ್ರೇನಿನವು ಮೂರು, ಸಲಿಂಗಿಗಳ ಹಕ್ಕಿನ ಗುರುತಾದ ಕಾಮನಬಿಲ್ಲಿನವು ನಾಲ್ಕು, ಆರ್ಸೆನಲ್ ತಂಡದ್ದು ಒಂದು. ತಮ್ಮ ದೇಶದ್ದೊಂದು ಬಿಟ್ಟು ಬೇಕಾದಷ್ಟಿದ್ದವು. ಚೌಕದ 27ನೆಯ ನಂಬರಿನ ಮನೆಯ ಗೋಡೆಯಲ್ಲಿ ಲೇಖಕ ಜಾರ್ಜ್ ಆರ್ವೆಲ್ ಇಲ್ಲಿ ವಾಸವಾಗಿದ್ದರೆಂಬ ಫಲಕವಿದೆ. ಇಂಗ್ಲೆಂಡಿನ ಎಡಪಂಥೀಯ ಬುದ್ಧಿಜೀವಿಗಳಿಗೆ ತಮ್ಮ ದೇಶದವರೆನಿಸಿಕೊಳ್ಳಲು ನಾಚಿಕೆ ಎಂದು ಯುದ್ಧದ ಕಾಲದಲ್ಲೇ ಬರೆದವರು ಅವರು.

ಆದರೆ ಇಸ್ಲಿಂಗ್ಟನ್ನೆಂದರೆ ಇಷ್ಟೇ ಅಲ್ಲ. ಚೌಕದಿಂದ ಎರಡು ಬೀದಿ ಸರಿದರೆ ಕೌನ್ಸಿಲ್ ಕಟ್ಟಿಸಿಕೊಟ್ಟ ಬಾಡಿಗೆ ಮನೆಗಳ ಕಟ್ಟಡಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳು. ಥಾರ್ನ್‌ಬೆರಿಯವರು ಹುಟ್ಟು ಸಿರಿವಂತೆಯೇನಲ್ಲ, ತಂದೆ ಬಿಟ್ಟುಹೋದ ಮೇಲೆ ಇಂಥದೇ ಸರ್ಕಾರಿ ಮನೆಯಲ್ಲಿ ಕಷ್ಟದಲ್ಲಿ ಬೆಳೆದವರು. ಅಂಥವರ ಕಣ್ಣಿಗೂ ಬಾವುಟದ ಮನೆ ಅಷ್ಟು ವಿಚಿತ್ರವಾಗಿ ಕಂಡಿದ್ದು ಹೇಗೆ ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ಪಕ್ಕದ ಮನೆಯ ಅಜ್ಜನ ಮಗಳನ್ನು ನೆನೆದರೆ ಅದು ಅಷ್ಟು ಕಠಿಣವಲ್ಲ. ಈ ರೋಗ ಒಂದೇ ಪಕ್ಷದ್ದೂ ಅಲ್ಲ. ಆ ಟ್ವೀಟಿನ ಒಂದು ವಾರಕ್ಕೆ, 2014ರ ನವೆಂಬರ್ 27ರಂದು, ಕನ್ಸರ್ವೇಟಿವ್ ಪಕ್ಷದ ಆಂಡ್ರೂ ಮಿಚೆಲ್ ತಮ್ಮನ್ನು ತಡೆದ ಪೊಲೀಸನಿಗೆ ‘ಪ್ಲೆಬ್’ ಎಂಬ, ಕೀಳುಜನ ಎಂಬರ್ಥದ ಪದವನ್ನೋ ಅಂಥದೊಂದನ್ನೋ ಬಳಸಿರುವ ಸಾಧ್ಯತೆಯೇ ಹೆಚ್ಚು ಎಂದು ನ್ಯಾಯಾಲಯ ತೀರ್ಪಿತ್ತಿತು. 2016ರ ಜನಮತದಲ್ಲಿ ಸ್ಟ್ರೂಡ್, ರೋಚೆಸ್ಟರ್ ಊರುಗಳಿರುವ ಮೆಡ್‌ವೇ ನೂರಕ್ಕೆ 64ರಷ್ಟು ಯೂರೋಪು ಬಿಡಲು, ಇಸ್ಲಿಂಗ್ಟನ್ ನೂರಕ್ಕೆ 75ರಷ್ಟು ಉಳಿಯಲು ಮತ ಹಾಕಿದವು. ನಡುವೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ಸಂಜೆ ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಮುಂದೆ ಕುಳಿತೆವು. ಕಲಬುರಗಿಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದ ಫಲ ಅದು. ಓಡುತ್ತ ಬಂದ ಒಬ್ಬ ತರುಣ ಉಸಿರು ತೆಗೆದುಕೊಳ್ಳಲು ನಿಂತವನು ಫಲಕ ಓದಿ, ಇವರು ಯಾರು ಎಂದು ಕೇಳಿದ. ಹನ್ನೆರಡನೆಯ ಶತಮಾನದಲ್ಲಿ ಮೇಲು ಕೀಳನ್ನು ಒಲ್ಲೆನೆಂದವರು ಎಂದೆ. “ಗೆದ್ದರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡಿದ.

ಐದನೆಯ ದಿನ: ಹಳ್ಳಿಯ ಕಡೆಗೆ

ಅಳಿಯ ರಜೆ ಹಾಕಿ ಕಾರಿನಲ್ಲಿ ಹಳ್ಳಿಗಳಿಗೆ ಕರೆದೊಯ್ದ. ಎರಡೂ ಬದಿ ಬೇಲಿ ಬೆಳೆದು ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಅರ್ಧ ಫರ್ಲಾಂಗು ಹಿಂದೆ ಸರಿಯಬೇಕಾದ ದಾರಿಗಳು, ಸೇಬಿನ ತೋಟಗಳು. ಕೋಬಮ್ ಹಳ್ಳಿಯ ಚರ್ಚಿನ ನೆಲದಲ್ಲಿ ಹೂತ ಹಿತ್ತಾಳೆಯ ಸಮಾಧಿ ಫಲಕಗಳನ್ನು ನೋಡಿಕೊಂಡು, ಮುಂದೆ ಇನ್ನೊಂದು ಹಳ್ಳಿಯಲ್ಲಿ ನಿಂತೆವು. ಅಲ್ಲಿ ಚರ್ಚಿನ ಗೋಪುರದ ಮೇಲೆ ಸೇಂಟ್ ಜಾರ್ಜ್‌ನ ಬಾವುಟ ನೆಟ್ಟಗೆ ಹಾರುತ್ತಿತ್ತು.

ನಾಯಿ ಅಡ್ಡಾಡಿಸಲು ಬಂದ ಒಬ್ಬ ಹಿರಿಯ ಹೆಂಗಸು ನಮ್ಮನ್ನು ಬಹಳ ವಿಶ್ವಾಸದಿಂದ ಮಾತಾಡಿಸಿದರು. ಚರ್ಚುಗಳ ಮೇಲೆ ಸೇಂಟ್ ಜಾರ್ಜ್‌ನ ಶಿಲುಬೆಯೇ ಹಾರಬೇಕು, ಮೂಲೆಯಲ್ಲಿ ಆ ಧರ್ಮಪ್ರಾಂತದ ಲಾಂಛನವಿರಬೇಕು ಎಂದು 1938ರಲ್ಲಿ ಕಟ್ಟಳೆಯಾಗಿದ್ದನ್ನು ವಿವರಿಸಿದರು. ಸೇಂಟ್ ಜಾರ್ಜ್ ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ, ಅವನ ಸಮಾಧಿ ಇರುವುದು ಈಗಿನ ಇಸ್ರೇಲಿನ ಲಿಡ್ಡಾದಲ್ಲಿ ಎಂದು ನಗುತ್ತ ಹೇಳಿದರು. ದಾರಿಯುದ್ದಕ್ಕೂ ಕಂಬಗಳಲ್ಲಿ ಇದೇ ಬಾವುಟ ನೋಡಿಕೊಂಡು ಬಂದೆವು ಎಂದೆ. ಅವರ ಮುಖ ತುಸು ಬಿಗಿಯಿತು. ಅದು ಬೇರೆ ಎಂದರು. ಆಮೇಲೆ ಧ್ವನಿ ತಗ್ಗಿಸಿ, ಚರ್ಚಿನ ಅಂಗಳದಲ್ಲಿ ಯಾರೂ ಇಲ್ಲದಿದ್ದರೂ, “ಸ್ವಲ್ಪ ಕಾಮನ್, ಅಲ್ಲವೇ?” ಎಂದರು.

ಕಾಮನ್ ಎಂದರೆ ನಿಘಂಟಿನಲ್ಲಿ ಸಾಮಾನ್ಯ. ಅವರ ಬಾಯಲ್ಲಿ ಕೀಳು. ವಲಸೆಗಾರರಿಗೆ ಹೆದರಿಕೆಯಾಗುತ್ತದೆಂಬ ಕಾಳಜಿಯಿಂದ ಅವರು ಆ ಬಾವುಟಗಳನ್ನು ಬೇಡವೆಂದಿದ್ದರೆ ನಾನು ಕೃತಜ್ಞನಾಗಿರುತ್ತಿದ್ದೆ. ಹೂಕುಂಡದಲ್ಲಿ ಪ್ಲಾಸ್ಟಿಕ್ ಹೂವಿಟ್ಟಿದ್ದನ್ನು ಬೇಡವೆಂದಂತೆ ಬೇಡವೆಂದರು. ಕಾರಿನಲ್ಲಿ ಕುಳಿತ ಮೇಲೆ ಅಳಿಯ, “ಮಾಮಾ, ಆಕಿ ನಮ್ಮ ಜೋಡಿ ಎಷ್ಟ್ ಛಲೋ ಮಾತಾಡಿದ್ಳು ನೋಡ್ರಿ. ಸ್ಟ್ರೂಡ್‌ನಾಂವ ಬಂದಿದ್ರ ಮಾತಾಡ್ತಿದ್ದಿಲ್ಲ,” ಎಂದ. ಮೇ ತಿಂಗಳಿನ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಕೆಂಟ್ ಪ್ರಾಂತದ ಆಡಳಿತವನ್ನು 81ರಲ್ಲಿ 57 ಸ್ಥಾನ ಗೆದ್ದು ಹಿಡಿದಿತ್ತು. ಆ ಮತಗಳೆಲ್ಲ ನಮ್ಮಂಥವರ ಮೇಲಿನ ಸಿಟ್ಟಿನಿಂದಲೇ ಬಿದ್ದವು ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಆರನೆಯ ದಿನ: ಗುರುದ್ವಾರ, ಮತ್ತೆ ಕಿಟಕಿ

ಗ್ರೇವ್‌ಸೆಂಡ್‌ನ ಗುರು ನಾನಕ್ ದರ್ಬಾರ್ ಬ್ರಿಟನ್ನಿನ ದೊಡ್ಡ ಗುರುದ್ವಾರಗಳಲ್ಲಿ ಒಂದು, 2010ರಲ್ಲಿ ತೆರೆದದ್ದು. ಹೊರಗೆ ಸಿಖ್ಖರ ಕೇಸರಿಯ ಬಾವುಟ ನಿಶಾನ್ ಸಾಹಿಬ್, ಒಳಗೆ ಲಂಗರಿನ ಬಿಸಿ ದಾಲ್, ರೊಟ್ಟಿ. ಐದು ದಿನ ಚಿಪ್ಸು ತಿಂದ ನಾಲಿಗೆಗೆ ಆ ಮೆಣಸಿನಕಾಯಿ ಉಪ್ಪಿನಕಾಯಿ ಪ್ರಸಾದವೇ ಸರಿ. ಪಕ್ಕದಲ್ಲಿ ಉಣ್ಣುತ್ತಿದ್ದ ಒಬ್ಬ ಸರದಾರಜಿ ಅರವತ್ತರ ದಶಕದಲ್ಲಿ ಬಂದು ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಎಪ್ಪತ್ತರ ದಶಕದಲ್ಲಿ ವಲಸೆಗಾರರನ್ನು ವಿರೋಧಿಸುತ್ತಿದ್ದ ನ್ಯಾಷನಲ್ ಫ್ರಂಟಿನವರು ಯೂನಿಯನ್ ಜ್ಯಾಕ್ ಹಿಡಿದು ಮೆರವಣಿಗೆ ಹೋಗುವಾಗ ತಾವು ಅಂಗಡಿ ಹೊಕ್ಕು ನಿಲ್ಲುತ್ತಿದ್ದುದನ್ನು ಹೇಳಿದರು. ಈಗ ಕಂಬಗಳನ್ನು ನೋಡಿದರೆ ಹೇಗೆನಿಸುತ್ತದೆ ಎಂದು ಕೇಳಿದೆ. ಮೊಮ್ಮಗ ಇಂಗ್ಲೆಂಡಿನ ಜರ್ಸಿ ಹಾಕಿಕೊಂಡು ಅದೇ ಕಂಬದ ಕೆಳಗೆ ಬಸ್ಸಿಗೆ ಕಾಯುತ್ತಾನೆ, ಅವನಿಗೇನೂ ಅನಿಸುವುದಿಲ್ಲ, ತಮಗೆ ಮಾತ್ರ ಮಂಡಿ ನಡುಗುತ್ತದೆ ಎಂದು ಇನ್ನೊಂದು ರೊಟ್ಟಿಗೆ ಕೈಚಾಚಿದರು.

ಮನೆಗೆ ಬಂದಾಗ ಸಂಜೆಯ ಚಳಿ ಇಳಿದಿತ್ತು. ಒಳಗಿನ ಹಬೆಗೆ ಕಿಟಕಿಯ ಗಾಜು ಬೆವತು, ಟೇಪು ಒದ್ದೆಯಾಗಿ, ಬಾವುಟ ಒಂದು ಮೂಲೆಯಿಂದ ಕಳಚಿ ಸೋಫಾದ ಹಿಂದೆ ಬಿದ್ದಿತ್ತು. ಅಳಿಯನೂ ಸೊಸೆಯೂ ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಏನೂ ಅನ್ನಲಿಲ್ಲ. ತಾನಾಗಿಯೇ ಬಿದ್ದಿದ್ದು ಒಳ್ಳೆಯದೇ ಆಯಿತು ಎಂಬಂತೆ ಸೊಸೆ ಅದನ್ನು ಮಡಚಿ ಮೇಜಿನ ಮೇಲಿಟ್ಟಳು. ನಾನು ಎತ್ತಿ ನೋಡಿದೆ: ಒಂದು ಅಂಚಿಗೆ ಹೊಲಿಗೆಯೇ ಇಲ್ಲ, ಮೂಲೆಯ ಚೀಟಿಯಲ್ಲಿ ಚೀನಾದಲ್ಲಿ ತಯಾರಿಸಿದ್ದು ಎಂದಿತ್ತು, ಬಿಸಿಲಿಗೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ತನ್ನ ಚೀಲದಿಂದ ಸೂಜಿದಾರ ತೆಗೆದು, ಕೇಳದೆಯೇ, ಅಂಚು ಮಡಚಿ ಹೊಲಿಯತೊಡಗಿದಳು.

ಶಾಲೆಯಿಂದ ಬಂದ ಮೊಮ್ಮಗಳು ಚೀಲ ಬಿಸಾಕಿ, ಅಡುಗೆಮನೆಯ ಡ್ರಾಯರಿನಿಂದ ಹೊಸ ಟೇಪಿನ ಉರುಳಿ ತಂದು, ಊಟದ ಕುರ್ಚಿಯನ್ನು ಕಿಟಕಿಗೆ ಎಳೆದಳು. ಕುರ್ಚಿಯ ಒಂದು ಕಾಲು ಗಿಡ್ಡ.

“ಅಜ್ಜಾ, ಗಟ್ಟಿ ಹಿಡೀರಿ,” ಎಂದಳು.

ಹಿಡಿದುಕೊಂಡೆ.